ಒಂದು ಮಗ್ಗುಲ ಸವೆತ

ಘಟ್ಟದ ಮೇಲಣ ಸೀಮೆಯವರಿಗೆ ಗಾಡಿಯನ್ನು ಏರಿಸುವ ಚಿಂತೆಗಿಂತ ಇಳಿಸುವ ಚಿಂತೆಯೇ ಎಂದಿಗೂ ದೊಡ್ಡದು. ಏರುವಾಗ ಎತ್ತು ಸೋತರೆ ನಿಂತುಬಿಡುತ್ತದೆ. ಚಕ್ರದ ಹಿಂದೆ ಕಲ್ಲೊಂದನ್ನಿಟ್ಟು ಸುಧಾರಿಸಿಕೊಳ್ಳಬಹುದು. ಇಳಿಯುವಾಗ ಸೋಲುವುದಕ್ಕೆ ಅವಕಾಶವಿಲ್ಲ. ಮೂಟೆ ಹೇರಿದ ಗಾಡಿಗಳು ಘಟ್ಟವಿಳಿಯುತ್ತಿದ್ದ ಕಾಲದಲ್ಲಿ ಬುದ್ಧಿವಂತನಾದ ಗಾಡಿಯವನು ಎತ್ತಿನ ಗೊರಸಿಗೆ ಮುಂಚೆ ಚಕ್ರದ ಪಟ್ಟಿಗೆ ಒತ್ತಿ ನಿಲ್ಲುವ ಮರದ ಬಿರಿಯನ್ನು ಮುಟ್ಟಿ ನೋಡುತ್ತಿದ್ದನು. ಈಗ ಗಾಡಿಯ ಸ್ಥಾನಕ್ಕೆ ಮೋಟಾರು ಬಂದಿದೆ. ಬಿರಿಯು ಚಕ್ರದ ಒಳಗೆ ಅಡಗಿ ಕಣ್ಮರೆಯಾಗಿದೆ. ಕಣ್ಣಿಗೆ ಬೀಳದುದನ್ನು ಮುಟ್ಟಿ ನೋಡುವವರಾರು?

ತೀರ್ಥಹಳ್ಳಿಯ ಸೀಮೆಯಲ್ಲಿ ಒಬ್ಬ ನಿವೃತ್ತ ಉಪಾಧ್ಯಾಯರಿದ್ದಾರೆ. ಪ್ರೌಢಶಾಲೆಯಲ್ಲಿ ಬಹುಕಾಲ ಭೌತಶಾಸ್ತ್ರವನ್ನು ಬೋಧಿಸಿ ವಿರಾಮ ಹೊಂದಿದವರು, ಮಿತಭಾಷಿಗಳು, ಮಿತವ್ಯಯಿಗಳು. ಅವರ ಪತ್ನಿಗೆ ದೀರ್ಘಕಾಲದ ವ್ಯಾಧಿಯೊಂದಿದ್ದು, ತಿಂಗಳಿಗೆ ಎರಡು ಸಲ ಕರಾವಳಿಯ ಆಸ್ಪತ್ರೆಗೆ ಹೋಗಬೇಕಾಗಿದೆ. ಹೋಗುವ ದಾರಿ ಆಗುಂಬೆಯ ಘಾಟಿ. ಹದಿನಾಲ್ಕು ಕಡಿದಾದ ತಿರುವುಗಳು. ಮಳೆಗಾಲದಲ್ಲಿ ಮಂಜು, ಮಂಜಿಲ್ಲದಾಗ ನೀರು, ನೀರಿಲ್ಲದಾಗ ಎದುರಿನಿಂದ ಬರುವವರ ಅವಸರ. ಹನ್ನೊಂದು ವರ್ಷದ ತಮ್ಮ ಸಣ್ಣ ಕಾರನ್ನು ಮೇಷ್ಟರು ಈ ಘಾಟಿಯಲ್ಲಿ ಎರಡನೆಯ ಗೇರಿನಲ್ಲಿಯೇ ಇಳಿಸುವರು. ಎಂಜಿನ್ನಿನ ಬಿಗಿತವೇ ವೇಗವನ್ನು ಹಿಡಿದಿರಬೇಕೇ ಹೊರತು ಬ್ರೇಕಿನ ಮೇಲೆ ಸದಾ ಕಾಲಿಟ್ಟಿರಬಾರದೆಂಬುದು ಅವರ ನಿಯಮ. ಹಾಗೆ ಸದಾ ತುಳಿದಿದ್ದರೆ ಬ್ರೇಕು ಕಾಯುವುದು. ಬಹಳ ಕಾದರೆ ಹಿಡಿತ ಕಳೆದುಕೊಳ್ಳುವುದು. ಇದನ್ನು ಅವರು ಮಕ್ಕಳಿಗೆ ಘರ್ಷಣೆಯ ಪಾಠದಲ್ಲಿ ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ.

ಆ ವರ್ಷ ಚೈತ್ರದಲ್ಲಿ ಮುಂದಿನ ಎರಡು ಚಕ್ರಗಳಿಗೂ ಹೊಸ ಪ್ಯಾಡುಗಳನ್ನು ಹಾಕಿಸಿದ್ದರು. ಕಾರ್ತಿಕ ಬರುವ ಹೊತ್ತಿಗೆ ಎಡಗಡೆಯ ಚಕ್ರದಿಂದ ಕೀರಲು ದನಿಯೊಂದು ಏಳತೊಡಗಿತು. ಎರಡು ದಿನ ಅದು ಕೀರಿತು. ಮೂರನೆಯ ದಿನ ಗರಗಸದಂತೆ ಕೊರೆಯಿತು. ಅಂಗಡಿಗೆ ಒಯ್ದರು. ಕೆಲಸಗಾರನು ಚಕ್ರವನ್ನು ಬಿಚ್ಚಿ ನೋಡಿ, ಪ್ಯಾಡು ಮುಗಿದಿದೆಯೆಂದನು. ಏಳು ತಿಂಗಳಿಗೇ ಹೇಗೆ ಮುಗಿಯಿತೆಂದು ಕೇಳಿದುದಕ್ಕೆ, ಪಾಪ, ಯಾವ ದುರುದ್ದೇಶವೂ ಇಲ್ಲದೆ ನುಡಿದನು: "ವಯಸ್ಸಾದ ಮೇಲೆ ಹಾಗೆಯೇ ಮೇಷ್ಟರೇ. ಇಳಿಜಾರಿನಲ್ಲಿ ಹೆದರಿಕೆಯಾಗಿ ಕಾಲು ಬ್ರೇಕಿನ ಮೇಲೆಯೇ ಇರುತ್ತದೆ. ನಮಗೆ ತಿಳಿಯುವುದೇ ಇಲ್ಲ."

ಮಾತು ಚಿಕ್ಕದು. ಆದರೆ ಅದೇ ವಾರ ಬೆಂಗಳೂರಿನಲ್ಲಿರುವ ಮಗನು ದೂರವಾಣಿಯಲ್ಲಿ, ಇನ್ನು ಕಾರು ನಡೆಸುವುದನ್ನು ಬಿಟ್ಟು ಬಾಡಿಗೆಯವನನ್ನು ಗೊತ್ತುಮಾಡಿಕೊಳ್ಳಿರೆಂದು ಹೇಳಿದ್ದನು. ಪತ್ನಿಯು ಆಗ ಯಾರ ಪಕ್ಷವನ್ನೂ ಹಿಡಿದಿರಲಿಲ್ಲ. ಅಂಗಡಿಯ ಈ ಮಾತು ಮನೆಗೆ ಬಂದ ಮೇಲೆ ಆಕೆಯ ಮೌನಕ್ಕೆ ಬೇರೆಯ ಬಣ್ಣ ಬಂದಂತೆ ಮೇಷ್ಟರಿಗೆ ತೋರಿತು. ಹೆಂಡತಿಯನ್ನು ಆಸ್ಪತ್ರೆಗೆ ತಾವೇ ಕರೆದೊಯ್ಯುವುದು ಅವರಿಗೆ ಖರ್ಚಿನ ಪ್ರಶ್ನೆಯಾಗಿರಲಿಲ್ಲ. ಬಾಡಿಗೆಯ ಕಾರಿನಲ್ಲಿ ಇಬ್ಬರೂ ಹಿಂದೆ ಕುಳಿತು ಪರರ ಬೆನ್ನನ್ನು ನೋಡುತ್ತ ಹೋಗುವುದನ್ನು ನೆನೆದರೇ ಅವರಿಗೆ ಏನೋ ಮುಗಿದುಹೋದಂತಾಗುತ್ತಿತ್ತು. ತಮ್ಮ ಕಾಲು ನಿಜವಾಗಿಯೂ ತಮಗೆ ತಿಳಿಯದಂತೆ ತುಳಿಯುತ್ತಿದೆಯೇ? ತನ್ನ ಕಾಲನ್ನು ತಾನೇ ನಂಬದ ಸ್ಥಿತಿ ಯಾರಿಗೂ ಸುಖಕರವಲ್ಲ.

ಹಳೆಯ ಪ್ಯಾಡುಗಳನ್ನು ಅವರು ಕೇಳಿ ತಂದಿದ್ದರು. ಗುಜರಿಗೆ ಹೋಗುವ ವಸ್ತುವನ್ನು ಮನೆಗೆ ತರುವ ಈ ಅಭ್ಯಾಸದ ಬಗ್ಗೆ ಮನೆಯವರಿಗೆ ಹಿಂದಿನಿಂದಲೂ ಆಕ್ಷೇಪಣೆಯುಂಟು. ಈ ಸಲ ಅದೇ ಅವರ ನೆರವಿಗೆ ಬಂದಿತು. ರಾತ್ರಿ ಊಟವಾದ ಮೇಲೆ ಮೇಜಿನ ಮೇಲೆ ಕಾಗದ ಹರಡಿ ನಾಲ್ಕನ್ನೂ ಸಾಲಾಗಿ ಇಟ್ಟು, ಶಾಲೆಯ ದಿನಗಳಿಂದ ಉಳಿದುಬಂದಿದ್ದ ವರ್ನಿಯರ್ ಅಳತೆಗೋಲನ್ನು ತೆಗೆದರು. ಹೊಸದಾಗಿದ್ದಾಗ ಉಜ್ಜುವ ಪದರದ ದಪ್ಪ ೧೦ ಮಿಲ್ಲಿಮೀಟರ್. ಈಗ ಬಲಗಡೆಯ ಹೊರಗಿನದು ೭.೯, ಒಳಗಿನದು ೭.೫. ಎಡಗಡೆಯ ಹೊರಗಿನದು ೯.೧, ಹೆಚ್ಚುಕಡಮೆ ಹೊಸದೇ. ಎಡಗಡೆಯ ಒಳಗಿನದರಲ್ಲಿ ಒಂದು ಮಿಲ್ಲಿಮೀಟರೂ ಇರಲಿಲ್ಲ. ಒಂದು ಅಂಚಿನಲ್ಲಿ ಪದರ ಕಳೆದು ಬೆನ್ನಿನ ಕಬ್ಬಿಣವೇ ಹೊಳೆಯುತ್ತಿತ್ತು.

ಮೇಷ್ಟರು ಬಹಳ ಹೊತ್ತು ಅದನ್ನೇ ನೋಡಿದರು. ಕಾಲು ಒಂದೇ, ಅದು ಒತ್ತುವುದು ಒಂದೇ ಪೆಡಲನ್ನು, ಅಲ್ಲಿಂದ ಹೊರಟ ಒತ್ತಡವು ತೈಲದ ಮೂಲಕ ಎರಡು ಕಡೆಗೂ ಸಮನಾಗಿ ಹರಿಯಬೇಕು. ಪಾಸ್ಕಲನ ನಿಯಮಕ್ಕೆ ವಯಸ್ಸಾಗುವುದಿಲ್ಲವಷ್ಟೆ! ಕಾಲಿನದೇ ತಪ್ಪಾಗಿದ್ದರೆ ನಾಲ್ಕೂ ಸವೆಯಬೇಕಾಗಿತ್ತು. ನಾಲ್ಕರಲ್ಲಿ ಒಂದನ್ನು ಮಾತ್ರ ಆರಿಸಿ ತೇಯುವ ಶಕ್ತಿ ಮನುಷ್ಯನ ಕಾಲಿಗೆ ಎಲ್ಲಿಯದು? ಅವರು ಪತ್ನಿಯನ್ನು ಕೂಗಿ ಕರೆದು ನಾಲ್ಕು ಬಿಲ್ಲೆಗಳನ್ನೂ ತೋರಿಸಿದರು. ಆಕೆ ರೈತರ ಮನೆಯಲ್ಲಿ ಬೆಳೆದವರು, ವರ್ನಿಯರನ್ನು ನೋಡಲಿಲ್ಲ. "ಜೋಡಿಯಲ್ಲಿ ಒಂದು ಎತ್ತು ನೊಗಕ್ಕೆ ಹೆಗಲು ಕೊಟ್ಟೇ ಇಲ್ಲ. ಎಲ್ಲವನ್ನೂ ಇನ್ನೊಂದೇ ಎಳೆದಿದೆ" ಎಂದರು.

ಯಂತ್ರಶಾಸ್ತ್ರದ ಪುಸ್ತಕವೂ ಇದಕ್ಕಿಂತ ಚೆನ್ನಾಗಿ ಹೇಳಲಾರದು. ಚಕ್ರದೊಡನೆ ತಿರುಗುವ ಉಕ್ಕಿನ ತಟ್ಟೆಯನ್ನು ಇಕ್ಕೆಲದಿಂದ ಹಿಡಿದು ನಿಲ್ಲಿಸುವ ಉಪಾಯಕ್ಕೆ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರನು ೧೯೦೨ರಲ್ಲಿಯೇ ಹಕ್ಕುಪತ್ರ ಪಡೆದಿದ್ದನು. ಆದರೆ ಅವನು ಹಾಕಿದ್ದ ತಾಮ್ರದ ಪದರವು ತಟ್ಟೆಗೆ ತಾಗಿ ಕಿವಿ ಕಿತ್ತುಹೋಗುವಂತೆ ಚೀರುತ್ತಿತ್ತು. ೧೯೫೩ರಲ್ಲಿ ಫ್ರಾನ್ಸಿನ ಲ ಮಾನ್ಸ್ ಪಂದ್ಯವನ್ನು ಜಾಗ್ವಾರ್ ಕಾರುಗಳು ಇಂತಹ ಬ್ರೇಕುಗಳಿಂದ ಗೆದ್ದ ಮೇಲೆ ಇವುಗಳ ಕೀರ್ತಿ ಹಬ್ಬಿತು. ಇಂದಿನ ಸಾಧಾರಣ ಕಾರಿನಲ್ಲಿ ತೈಲದ ಒತ್ತಡಕ್ಕೆ ಮುಂದೆ ಬರುವ ಕೊಂತವಿರುವುದು ತಟ್ಟೆಯ ಒಳಮಗ್ಗುಲಲ್ಲಿ ಮಾತ್ರ. ಅದು ಒಳಗಿನ ಪ್ಯಾಡನ್ನು ತಟ್ಟೆಗೆ ಒತ್ತುತ್ತದೆ. ಒತ್ತಿದೊಡನೆ ಅದರ ಪ್ರತಿಕ್ರಿಯೆಯಿಂದ ಕ್ಯಾಲಿಪರೆಂಬ ಆ ಇಡೀ ಇಕ್ಕುಳವು ಎರಡು ಕೀಲುಗಳ ಮೇಲೆ ಕೂದಲೆಳೆಯಷ್ಟು ಹಿಂದಕ್ಕೆ ಜಾರಿ, ಹೊರಗಿನ ಪ್ಯಾಡನ್ನೂ ತಟ್ಟೆಗೆ ಸೆಳೆದು ಹಿಡಿಯುತ್ತದೆ. ಕಾಲು ತೆಗೆದಾಗ ಕೊಂತವನ್ನು ಹಿಂದಕ್ಕೆ ತರಲು ಅಲ್ಲಿ ಸುರುಳಿಯಿಲ್ಲ. ಕೊಂತದ ಸುತ್ತಲಿನ ರಬ್ಬರಿನ ಉಂಗುರವು ಒತ್ತಿದಾಗ ತುಸು ತಿರುಚಿಕೊಂಡು, ಬಿಟ್ಟಾಗ ತನ್ನ ಆಕಾರಕ್ಕೆ ಮರಳುವಾಗ ಕೊಂತವನ್ನೂ ತನ್ನೊಡನೆ ಎಳೆದುಕೊಳ್ಳುತ್ತದೆ. ಇಷ್ಟು ಸಣ್ಣ ಉಂಗುರದ ಸಂಕೋಚದಲ್ಲಿ ಇಷ್ಟು ಜನರ ಪ್ರಾಣವಿದೆಯೆಂಬುದು ಸೋಜಿಗವೇ ಸರಿ. ಕೀಲು ಸಿಕ್ಕಿಕೊಂಡು ಇಕ್ಕುಳ ಜಾರದೆ ಹೋದರೆ ಹೊರಗಿನದು ಕೆಲಸಕ್ಕೆ ಬರುವುದಿಲ್ಲ. ಒಳಗಿನದು ಒಂಟಿಯಾಗಿ ದುಡಿದು, ಬಿಡುವಿಲ್ಲದೆ ತಟ್ಟೆಗೆ ತೇದು ಸಾಯುತ್ತದೆ. ಕೆಲವು ತಿಂಗಳಿನಿಂದ ಬ್ರೇಕು ಹಾಕಿದಾಗ ಕಾರು ಬಲಕ್ಕೆ ವಾಲುತ್ತಿದ್ದುದನ್ನು ಮೇಷ್ಟರು ರಸ್ತೆಯ ಓರೆಯೆಂದು ತಿಳಿದಿದ್ದರು. ಈಗ ಅದರ ಅರ್ಥವಾಯಿತು: ಎಡಗಡೆಯ ಹಿಡಿತ ಸೋತು ಬಲಗಡೆಯದೇ ಹೆಚ್ಚಾಗುತ್ತಿದ್ದಿತು.

ಮರುದಿನ ಪಕ್ಕದ ಮನೆಯ ಹುಡುಗನನ್ನು ಜೊತೆಗಿಟ್ಟುಕೊಂಡು, ಕಾರನ್ನು ಜಾಕಿನ ಮೇಲೆಯೇ ನಂಬದೆ ಗಟ್ಟಿಯಾದ ಕಾಲೂರಿಸಿ ನಿಲ್ಲಿಸಿ, ಚಕ್ರ ಬಿಚ್ಚಿದರು. ಇಕ್ಕುಳವನ್ನು ಅದರ ತೈಲದ ಕೊಳವೆಯಿಂದ ನೇತುಬೀಳಲು ಬಿಡದೆ ತಂತಿಯಿಂದ ಕಟ್ಟಿದರು. ಕೊಂತವನ್ನು ಮೆಲ್ಲಗೆ ಒತ್ತಿದರೆ ಅದು ಸುಖವಾಗಿ ಹಿಂದೆ ಸರಿಯಿತು. ಆದುದರಿಂದ ಅದು ನಿರಪರಾಧಿ. ಮೇಲಿನ ಕೀಲು ಬೆರಳಿಗೆ ತಿರುಗಿತು. ಕೆಳಗಿನದು ಅಲುಗಲಿಲ್ಲ. ತಿರುಚಿ, ಎಣ್ಣೆ ಬಿಟ್ಟು, ಅರ್ಧ ಗಂಟೆ ಹೆಣಗಿದ ಮೇಲೆ ಅದು ಹೊರಬಂದಿತು. ಕೀಲಿನ ತುದಿಗಿದ್ದ ರಬ್ಬರಿನ ತೋಳು ನೆನೆದ ಹುರುಳಿಯಂತೆ ಉಬ್ಬಿ ಬಿಲದಲ್ಲಿ ಕಚ್ಚಿಕೊಂಡಿತ್ತು. ಅದರ ಸುತ್ತ ಕಂದು ಬಣ್ಣದ ಜಿಡ್ಡು.

ಆ ಜಿಡ್ಡಿನ ಗುರುತು ಮೇಷ್ಟರಿಗೆ ಸಿಕ್ಕಿತು. ಹಿಂದಿನ ವರ್ಷದ ಬೇಸಗೆಯಲ್ಲಿ, ಅಂಗಡಿಯವನಿಗೆ ಹಣ ತೆರುವುದೇಕೆಂದು ತಾವೇ ಕೀಲುಗಳನ್ನು ಬಿಚ್ಚಿ, ನೀರೆತ್ತುವ ಪಂಪಿಗೆಂದು ತಂದಿಟ್ಟಿದ್ದ ಸಾಧಾರಣ ಗ್ರೀಸನ್ನು ಬಳಿದಿದ್ದರು. ಎಡಗಡೆಯ ಕೆಳಗಿನ ಕೀಲಿಗೆ ಧಾರಾಳವಾಗಿಯೇ ಬಳಿದಿದ್ದರು. ಬಲಗಡೆಗೆ ಬರುವಷ್ಟರಲ್ಲಿ ಮಳೆ ಬಂದು ಕೆಲಸ ನಿಂತಿತ್ತು. ಕಲ್ಲೆಣ್ಣೆಯಿಂದಾದ ಗ್ರೀಸು ಬ್ರೇಕಿನ ರಬ್ಬರಿಗೆ ವೈರಿ. ರಬ್ಬರು ಅದನ್ನು ಹೀರಿ ಉಬ್ಬುವುದು. ಅಲ್ಲಿ ಹಚ್ಚತಕ್ಕದ್ದು ಸಿಲಿಕೋನಿನದೋ, ಬ್ರೇಕಿಗೆಂದೇ ಮಾಡಿದ ಬೇರೆಯದೋ ಆಗಿರಬೇಕು. ಇದನ್ನು ಅರಿಯದೆ ಮಾಡಿದ ಉಳಿತಾಯವು ಈಗ ಗೀರುಬಿದ್ದ ತಟ್ಟೆಯ ರೂಪದಲ್ಲಿ ಲೆಕ್ಕಕ್ಕೆ ಬಂದಿತ್ತು. ಕಾಲು ನಿರ್ದೋಷಿಯೆಂದು ರಾತ್ರಿ ತೀರ್ಪಾಗಿತ್ತು. ಬೆಳಗ್ಗೆ ಕೈ ಸಿಕ್ಕಿಬಿದ್ದಿತು.

ಪ್ಯಾಡು ಬದಲಿಸಿದವನು ಕೀಲನ್ನು ಒಮ್ಮೆ ಅಲುಗಿಸಿ ನೋಡಿದ್ದರೆ ಚೈತ್ರದಲ್ಲಿಯೇ ಇದು ತಿಳಿಯುತ್ತಿತ್ತೆಂಬುದು ನಿಜ. ಸವೆದ ಪ್ಯಾಡು ಒಂದು ಕಾಗದವಿದ್ದಂತೆ, ಅದರ ಮೇಲೆ ರೋಗದ ಹೆಸರು ಬರೆದಿರುತ್ತದೆ. ಓದದೆಯೇ ಹರಿದೆಸೆಯುವ ಅಂಗಡಿಗಳೇ ಹೆಚ್ಚು. ಆದರೂ ಮೇಷ್ಟರು ಅಂಗಡಿಗೆ ಹೋಗಿ ಮೊದಲು ಹೇಳಿದ್ದು ಗ್ರೀಸಿನ ಸಂಗತಿಯನ್ನು. ಕೆಲಸಗಾರನು ಉಬ್ಬಿದ ತೋಳನ್ನು ಹಿಡಿದು ನೋಡಿ ನಕ್ಕನು. ಆಮೇಲೆ, ಕೀಲನ್ನು ತಾನೂ ನೋಡಲಿಲ್ಲವೆಂದು ತಾನಾಗಿಯೇ ಒಪ್ಪಿಕೊಂಡನು. ಇಬ್ಬರೂ ಕೂಡಿ ಎರಡು ಕಡೆಗೂ ಹೊಸ ತೋಳು, ಹೊಸ ತಟ್ಟೆ, ಹೊಸ ಪ್ಯಾಡು ಹಾಕಿದರು. ಒಂದು ಕಡೆಗೆ ಮಾತ್ರ ಹೊಸದು ಹಾಕಿದರೆ ಹಿಡಿತ ಸಮನಾಗಲಾರದು. ತೈಲವನ್ನೂ ಬದಲಿಸಿದರು. ಆ ತೈಲ ಗಾಳಿಯಿಂದ ತೇವವನ್ನು ಹೀರುವ ಸ್ವಭಾವದ್ದು: ಡಾಟ್ ೩ ಎಂಬ ದರ್ಜೆಯ ಹೊಸ ತೈಲ ಕುದಿಯಬೇಕಾದರೆ ೨೦೫ ಡಿಗ್ರಿ ಸೆಂಟಿಗ್ರೇಡಾದರೂ ಬೇಕು, ತೇವ ಹೀರಿದುದಕ್ಕೆ ಗೊತ್ತುಮಾಡಿದ ಮಿತಿ ೧೪೦ ಮಾತ್ರ. ಕುದಿದ ತೈಲದಲ್ಲಿ ಆವಿಯ ಗುಳ್ಳೆಯೆದ್ದರೆ ಪೆಡಲು ನೆಲಕ್ಕಿಳಿಯುತ್ತದೆ. ಆಗುಂಬೆಯ ಮಳೆಯನ್ನು ಕಂಡವರಿಗೆ ತೇವದ ವಿಚಾರವನ್ನು ವಿಸ್ತರಿಸಬೇಕಾಗಿಲ್ಲ. ಕೆಲಸ ಮುಗಿದ ಮೇಲೆ, ಹಿಂದೆ ಸರಿದಿದ್ದ ಕೊಂತ ಮುಂದೆ ಬರಲೆಂದು ಕಾರು ಹೊರಡಿಸುವ ಮೊದಲೇ ಪೆಡಲನ್ನು ಹತ್ತಾರು ಸಲ ತುಳಿದು ಗಟ್ಟಿಮಾಡಿಕೊಂಡರು.

ಮಗನಿಗೆ ಮೇಷ್ಟರು ಎಲ್ಲವನ್ನೂ ಬರೆದರು, ಗ್ರೀಸನ್ನೂ ಮರೆಮಾಚಲಿಲ್ಲ. ಅವನಿಂದ ಬಂದ ಉತ್ತರ ಚಿಕ್ಕದಾಗಿತ್ತು; ಬಾಡಿಗೆಯವನ ಮಾತು ಅದರಲ್ಲಿರಲಿಲ್ಲ.

ಮುಂದಿನ ಸಲ ಘಾಟಿಯಿಳಿದು ಸೋಮೇಶ್ವರ ತಲುಪಿದಾಗ ಮೇಷ್ಟರು ರಸ್ತೆಯ ಬದಿಗೆ ಕಾರು ನಿಲ್ಲಿಸಿ ಕೆಳಗಿಳಿದರು. ಮುಂದಿನ ಬಲಚಕ್ರದ ಬಳಿಗೆ ಅಂಗೈಯನ್ನು ಒಯ್ದು, ಮುಟ್ಟದೆ, ಸ್ವಲ್ಪ ಹೊತ್ತು ಹಿಡಿದರು. ಆಮೇಲೆ ಸುತ್ತಿಬಂದು ಎಡಚಕ್ರದ ಬಳಿ ಹಾಗೆಯೇ ಹಿಡಿದರು. ಬಿಸಿ ಎರಡು ಕಡೆಗೂ ಒಂದೇ. ಕಿಟಕಿಯಿಂದ ಇಣಿಕಿ ನೋಡುತ್ತಿದ್ದ ಪತ್ನಿಯು, "ಜ್ವರ ಇಳಿದಿದೆಯೆ?" ಎಂದು ಕೇಳಿದರು. ಇಳಿದಿದೆಯೆಂದು ಹೇಳಿ, ಕೈಯನ್ನು ಪಂಚೆಗೆ ಒರಸಿಕೊಂಡು ಅವರು ಮತ್ತೆ ಕಾರಿನಲ್ಲಿ ಕುಳಿತರು.