ಹದಿನಾಲ್ಕು ರಾತ್ರಿ

ಮಗಳಿಗೆ ಒಂಬತ್ತು ತುಂಬಿದ ಬೇಸಿಗೆ. ಚೊಂಬುಗಟ್ಟಲೆ ನೀರು ಕುಡಿಯೋಳು, ರಾತ್ರಿ ನಾಲ್ಕು ಸಲ ಎದ್ದು ಹೊರಗೆ ಹೋಗೋಳು, ಮೈ ಇಳಿದು ಕಡ್ಡಿಯಾಗಿದ್ದಳು. ಬಿಸಿಲಿನ ಝಳ ಅಂದುಕೊಂಡೆ. ವಾಂತಿ ಹತ್ತಿ ಏದುಸಿರು ಬಂದಾಗ ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಓಡಿದೆವು. ಟೈಪ್ ಒನ್ ಸಕ್ಕರೆ ಕಾಯಿಲೆ ಅಂದರು. ಇವಳ ಮೈಯಲ್ಲಿ ಇನ್ಸುಲಿನ್ ತಯಾರಾಗೋದೇ ನಿಂತಿದೆ, ಇನ್ನು ದಿನಾ ಚುಚ್ಚಲೇಬೇಕು ಅಂದರು.

ಚುಚ್ಚೋದು ಕಲಿತೆ. ಫ್ರಿಜ್ ಇಲ್ಲ, ನೀರಿನ ಮಡಕೆಯೊಳಗೆ ಮಣ್ಣಿನ ಕುಡಿಕೆ ಇಟ್ಟು ಅದರಲ್ಲಿ ಬಾಟಲಿ ಕಾಪಾಡಿದೆ. ಇನ್ಸುಲಿನ್ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತಿತ್ತು. ಶುಗರ್ ನೋಡುವ ಸ್ಟ್ರಿಪ್ಪು ನಮಗೆ ಅಲ್ಲಿ ಸಿಗಲಿಲ್ಲ. ಅಂಗಡಿಯಲ್ಲಿ ಒಂದಕ್ಕೆ ಇಪ್ಪತ್ತು ರೂಪಾಯಿ. ದಿನಕ್ಕೆ ನಾಲ್ಕು ಸಲ ನೋಡಿ ಅಂದಿದ್ದರು, ನಾನು ಎರಡು ಸಲ ನೋಡುತ್ತಿದ್ದೆ. ಕೈ ಕಟ್ಟಿದ ತಿಂಗಳಲ್ಲಿ ಒಂದೇ ಸಲ. ಡಾಕ್ಟರ್ ಬೈದಾರೆಂದು ಶುಗರ್ ಬರೆಯುವ ಪುಸ್ತಕದಲ್ಲಿ ಅಂದಾಜಿನ ಅಂಕಿ ಬರೆದುಕೊಂಡು ಹೋಗಿದ್ದೇನೆ. ಅದನ್ನು ಇವತ್ತಿಗೂ ನೆನೆದು ಅಳುತ್ತೇನೆ.

ಒಂದು ರಾತ್ರಿ ಹಾಸಿಗೆ ಒದ್ದೆಯಾಗಿತ್ತು. ಮುಟ್ಟಿ ನೋಡಿದರೆ ಬೆವರು. ಕರೆದರೆ ತೊದಲುತ್ತಾಳೆ. ಮೀಟರಿನಲ್ಲಿ 38. ಎಪ್ಪತ್ತರ ಕೆಳಗೆ ಇಳಿಯಬಾರದು. ಸಕ್ಕರೆ ನೀರನ್ನು ಚಮಚ ಚಮಚವಾಗಿ ಕುಡಿಸಿದೆ. ಅವಳು "ಅಮ್ಮಾ" ಅನ್ನುವ ಹೊತ್ತಿಗೆ ನನ್ನ ಕೈಕಾಲಲ್ಲಿ ಶಕ್ತಿ ಉಳಿದಿರಲಿಲ್ಲ.

ಅದಾದ ಮೇಲೆ ಡಾಕ್ಟರಿಗೆ ನಿಜ ಹೇಳಿದೆ. ಅವರು ಬೈಯಲಿಲ್ಲ. ತಮ್ಮ ಬಳಿ ಇದ್ದ, ಶುಗರ್ ಅಳೆಯುವ ಒಂದು ಸೆನ್ಸರನ್ನು ಮಗಳ ತೋಳಿಗೆ ಅಂಟಿಸಿದರು. ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಫೋನ್ ಹಿಡಿದರೆ ಸಾಕು, ರಾತ್ರಿಯೆಲ್ಲ ಶುಗರ್ ಏರಿದ್ದು ಇಳಿದಿದ್ದು ಗೆರೆಯಾಗಿ ಕಾಣುತ್ತಿತ್ತು. ಎರಡೂವರೆ ಹೊತ್ತಿಗೆ ಗೆರೆ ಕುಸಿಯುತ್ತಿತ್ತು, ಒಂದು ದಿನವಲ್ಲ, ಮೇಲಿಂದ ಮೇಲೆ. ನಾನು ಪಕ್ಕದಲ್ಲೇ ಮಲಗಿರುತ್ತಿದ್ದೆ, ಗೊತ್ತೇ ಆಗಿರಲಿಲ್ಲ! ಡಾಕ್ಟರ್ ರಾತ್ರಿಯ ಡೋಸು ಎರಡು ಯೂನಿಟ್ ಇಳಿಸಿದರು. ಆಮೇಲಿನ ರಾತ್ರಿಗಳಲ್ಲಿ ನಾನೂ ನಿದ್ದೆ ಮಾಡಿದೆ.

ಹದಿನಾಲ್ಕು ದಿನಕ್ಕೆ ಸೆನ್ಸರ್ ಮುಗಿಯಿತು. ಹೊಸದಕ್ಕೆ ಆಗ ಐದು ಸಾವಿರದ ಹತ್ತಿರ ಇತ್ತು. 2024ರಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಲೆಕ್ಕ ಹಾಕಿದೆ: ಹದಿನಾಲ್ಕು ದಿನದ ಸೆನ್ಸರಿಗೆ ಹದಿನಾಲ್ಕು ದಿನದ ಕೂಲಿ. ಉಣ್ಣೋದು ಯಾವುದರಲ್ಲಿ?

ಇನ್ಸುಲಿನ್ ಕಂಡುಹಿಡಿದವರು 1923ರಲ್ಲಿ ಅದರ ಪೇಟೆಂಟನ್ನು ಟೊರೊಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದೇ ಡಾಲರಿಗೆ ಬರೆದುಕೊಟ್ಟರಂತೆ. ಡಾಕ್ಟರ್ ಹೇಳಿದಾಗ ಆ ಪುಣ್ಯಾತ್ಮರಿಗೆ ಮನಸ್ಸಿನಲ್ಲೇ ಕೈಮುಗಿದೆ. ಆದರೆ ಇನ್ಸುಲಿನ್ ಒಂದೇ ಸಾಲದು. ಸರ್ಕಾರ ಅದನ್ನು ಕೊಡುವ ಕಿಟಕಿಯಲ್ಲೇ ಸ್ಟ್ರಿಪ್ಪನ್ನೂ ಕೊಡಲಿ, ಮಕ್ಕಳಿಗೆ ಸೆನ್ಸರನ್ನೂ ಕೊಡಲಿ. ಅಳತೆ ಗೊತ್ತಿಲ್ಲದೆ ಚುಚ್ಚುವ ಮದ್ದೇ ಮಗುವನ್ನು ಬೀಳಿಸುತ್ತದೆ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸೆನ್ಸರ್ ಕಿತ್ತ ದಿನ ಮಗಳು ಕೇಳಿದಳು: "ಇವತ್ತು ರಾತ್ರಿ ಹೆಂಗಮ್ಮ ಗೊತ್ತಾಗೋದು?"

ಈಗ ಎರಡೂವರೆಗೆ ಅಲಾರಾಂ ಇಟ್ಟಿದ್ದೇನೆ. ಎದ್ದು ಅವಳ ಕತ್ತಿನ ಹಿಂದೆ ಕೈಯಿಡುತ್ತೇನೆ. ಬೆವರು ತಾಕಿದರೆ ಸ್ಟ್ರಿಪ್ಪು ತೆಗೆಯುತ್ತೇನೆ.