ಕುಣಿಗಲ್ ಬಸ್ಸು ಹತ್ತಿದ ನಮ್ಮಜ್ಜಿ



ಓದು ಬರಹ ಬಾರದಿದ್ದರೆ ಎಷ್ಟು ಕಷ್ಟ ಎಂದು ನಾವು ಪಾಠದಲ್ಲಿ ಓದಿದ್ದೇವೆ. ಆದರೆ ನನಗೆ ಅದು ಅರ್ಥವಾದದ್ದು ನಮ್ಮಜ್ಜಿ ದಾರಿ ತಪ್ಪಿದ ದಿನ.

ಅವತ್ತು ಅಜ್ಜಿ ಕಣ್ಣು ತೋರಿಸಲು ತುಮಕೂರಿಗೆ ಹೋಗಿದ್ದಳು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡು ಕೊಡುವಂತಿಲ್ಲವಲ್ಲ, ಧೈರ್ಯವಾಗಿ ಒಬ್ಬಳೇ ಹೋದಳು. ವಾಪಸ್ ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಯಾರನ್ನೋ ಕೇಳಿ, ಅವರು ಕೈ ತೋರಿಸಿದ ಬಸ್ಸು ಬಿಟ್ಟು ಪಕ್ಕದ್ದು ಹತ್ತಿ ಕೂತಳು. ರಶ್ಶಿನಲ್ಲಿ ಕಂಡಕ್ಟರು ಹತ್ತಿರ ಬರುವಷ್ಟರಲ್ಲಿ ಬಸ್ಸು ಹೆಬ್ಬೂರು ದಾಟಿತ್ತು. ಅದು ಕುಣಿಗಲ್ ಬಸ್ಸು! "ಬೋರ್ಡು ನೋಡ್ಕಂಡು ಹತ್ಬಾರ್ದಾ ಅಜ್ಜಿ" ಎಂದು ಬಸ್ಸಿನವರು ನಕ್ಕರಂತೆ. ಗುಬ್ಬಿಗೆ ಬರಬೇಕಾದವಳು ಕುಣಿಗಲ್ ನೋಡಿಕೊಂಡು ರಾತ್ರಿ ಹತ್ತು ಗಂಟೆಗೆ ಮನೆ ಸೇರಿದಳು. ಊಟ ಮಾಡಲಿಲ್ಲ. "ದಾರಿ ತಪ್ಪಿದ್ದಕ್ಕೆ ಬೇಜಾರಿಲ್ಲ ಕಣ್ ಮಗ, ಅವ್ರು ನಕ್ರಲ್ಲ" ಅಂದಳು.

ಅಜ್ಜಿ ಯಾಕೆ ಓದಲಿಲ್ಲ? ಅವಳು ಚಿಕ್ಕವಳಿದ್ದಾಗ ನಮ್ಮ ಕೇರಿಯ ಮಕ್ಕಳು ಶಾಲೆಗೆ ಹೋದರೆ ಬಾಗಿಲಾಚೆ ಕೂರಬೇಕಿತ್ತಂತೆ. ಎರಡು ದಿನ ಹೋಗಿ ದನ ಕಾಯಲು ಹೋದಳು. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾಗಿ ಊರೂರಲ್ಲಿ ಸ್ವಯಂಸೇವಕರು ಪಾಠ ಹೇಳಿದರು. ಆಗ ಅಜ್ಜಿ ಕೂಲಿ ಮುಗಿಸಿ ಬರುವ ಹೊತ್ತಿಗೆ ಕ್ಲಾಸು ಮುಗಿದಿರುತ್ತಿತ್ತಂತೆ. 2011ರ ಜನಗಣತಿಯಲ್ಲೂ ನಮ್ಮ ರಾಜ್ಯದ ಹೆಂಗಸರಲ್ಲಿ ಓದು ಬಲ್ಲವರು ನೂರಕ್ಕೆ 68 ಮಂದಿ ಮಾತ್ರ.

ನಮ್ಮ ಮೇಷ್ಟ್ರು ಒಂದು ದಿನ 'ಉಲ್ಲಾಸ್' ಬಗ್ಗೆ ಹೇಳಿದರು. 2022ರಲ್ಲಿ ಕೇಂದ್ರ ಸರ್ಕಾರ ಐದು ವರ್ಷಕ್ಕೆಂದು ಮಾಡಿದ ಕಾರ್ಯಕ್ರಮವಿದು. 15 ವರ್ಷ ದಾಟಿದ, ಓದು ಬಾರದವರಿಗೆ ಸ್ವಯಂಸೇವಕರು ಕಲಿಸಬೇಕು. ಸಂಬಳವಿಲ್ಲ. ಶಾಲೆ ಮಕ್ಕಳೂ ಕಲಿಸಬಹುದು. ನಾನು ಕೈ ಎತ್ತಿದೆ.

ಮೊದಲ ದಿನ ಕ್ಲಾಸು ಗುಡಿ ಜಗಲಿಯ ಮೇಲೆ. ಅಲ್ಲಿ ಲೈಟಿದೆ ಎಂದು ಅಲ್ಲಿಟ್ಟರು. ಮೇಲಿನ ಬೀದಿಯವರು ಜಗಲಿಯಲ್ಲಿ ಕೂತರು. ನಮ್ಮ ಕೇರಿಯ ಹೆಂಗಸರು ಕೆಳಗೆ ನಿಂತರು. ಯಾರೂ ನಿಲ್ಲಿ ಅನ್ನಲಿಲ್ಲ, ಯಾರೂ ಬನ್ನಿ ಅಂತಲೂ ಅನ್ನಲಿಲ್ಲ. ಕಲಿಸಬೇಕಾದ ನಾನೂ ಕೆಳಗೇ ನಿಂತಿದ್ದೆ! "ಇಲ್ಲಿಂದ್ಲೇ ಕೇಳ್ಕತೀನಿ ಬಿಡು" ಎಂದಳು ಅಜ್ಜಿ. ನನಗೆ ಗಂಟಲು ಕಟ್ಟಿತು, ಮಾತು ಬರಲಿಲ್ಲ.

ಮಾರನೇ ದಿನ ಮೇಷ್ಟ್ರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವತ್ತಿಂದ ಶಾಲೆ ವರಾಂಡದಲ್ಲಿ" ಅಂದರು. ಮೇಲಿನ ಬೀದಿಯವರು ನಾಲ್ಕು ದಿನ ಬರಲಿಲ್ಲ. ಐದನೇ ದಿನ ಒಬ್ಬ ಗೌಡಜ್ಜಿ ಪಾಸ್ ಪುಸ್ತಕ ಹಿಡಿದು ಬಂದರು, ಗೃಹಲಕ್ಷ್ಮಿ ದುಡ್ಡು ಬಂದಿದೆಯಾ ತಾವೇ ಓದಬೇಕಂತೆ. ಸ್ಲೇಟು ಸಾಲದೆ ನಮ್ಮಜ್ಜಿಯ ಸ್ಲೇಟಿನಲ್ಲೇ ಬರೆದರು. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಬಂದರು.

ಒತ್ತಕ್ಷರ ಅಜ್ಜಿಗೆ ತಲೆನೋವು. "ಗುಬ್ಬಿ ಹೊಟ್ಟೆ ಕೆಳಗೆ ಮರಿ ಇಟ್ಕಂಡಿರತ್ತೆ ಅಜ್ಜಿ, ಆ ಮರೀನೇ ಒತ್ತು" ಅಂದೆ. ಅವತ್ತಿಂದ ಮರೆಯಲಿಲ್ಲ. ಕೊನೆಗೆ ಪರೀಕ್ಷೆ: ಓದು 50, ಬರಹ 50, ಲೆಕ್ಕ 50, ಒಟ್ಟು 150 ಅಂಕ. ಅಜ್ಜಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿ ಬರೆದಳು, ಪಾಸಾದಳು.

ನನಗನ್ನಿಸುವುದು ಇಷ್ಟು. ಸರ್ಕಾರ ಪುಸ್ತಕ ಕೊಡುತ್ತದೆ, ಪರೀಕ್ಷೆ ಮಾಡುತ್ತದೆ, ಪ್ರಮಾಣಪತ್ರ ಕೊಡುತ್ತದೆ. ಇದೆಲ್ಲ ಬೇಕೇ ಬೇಕು. ಆದರೆ ಕ್ಲಾಸು ಜಗಲಿಯಲ್ಲೋ ವರಾಂಡದಲ್ಲೋ ಎಂಬುದನ್ನು ಊರಿನವರಾದ ನಾವೇ ನೋಡಬೇಕು. ಕೆಳಗೆ ನಿಂತವರು ಕಂಡರೆ ಬಾಯಿ ಬಿಟ್ಟು ಹೇಳಬೇಕು. ನಾನು ಒಂದು ದಿನ ತಡವಾಗಿ ಹೇಳಿದೆ.

ಮೊನ್ನೆ ಅಜ್ಜಿ ಮತ್ತೆ ತುಮಕೂರಿಗೆ ಹೋಗಿ ಹೊತ್ತಿಗೆ ಸರಿಯಾಗಿ ಬಂದಳು. "ಮರಿ ಇರೋ ಬಸ್ಸೇ ಹತ್ತಿದೆ ಕಣ್ ಮಗ" ಎಂದು ನಕ್ಕಳು.

ಇನ್ನೂ ಆರು ಜನ ಕಲಿಯಲು ಬರುತ್ತೇವೆಂದಿದ್ದಾರೆ. ಕಲಿಸಲು ಇಬ್ಬರು ಬೇಕು. ಸಂಜೆ ಏಳಕ್ಕೆ ವರಾಂಡಕ್ಕೆ ಬನ್ನಿ.

– 9ನೇ ತರಗತಿಯ ಒಬ್ಬ ವಿದ್ಯಾರ್ಥಿನಿ