ಬೆರಳಿಗೆ ಸಿಗದ ಗೆರೆ

ಮೂಗಿನ ತುದಿಯಿಂದ ಬಾಲದವರೆಗೆ 12 ಸೆಂಟಿಮೀಟರ್. 1:72ರ ಅಳತೆಯ ನ್ಯಾಟ್ ಯುದ್ಧವಿಮಾನದ ಮಾದರಿ ನನ್ನ ಅಂಗೈಯಲ್ಲೇ ನಿಲ್ಲುತ್ತದೆ. ನಿಜವಾದ ನ್ಯಾಟ್ ಕೂಡ ದೊಡ್ಡದೇನಲ್ಲ. ರೆಕ್ಕೆಯ ಹರವು ಏಳು ಮೀಟರಿಗೂ ಕಡಿಮೆ. ಇಂಗ್ಲೆಂಡಿನ ಫೋಲೆಂಡ್ ಕಂಪನಿ ಅದಕ್ಕೆ ನೊರಜಿನ ಹೆಸರಿಟ್ಟದ್ದು ಸರಿಯಾಗಿಯೇ ಇದೆ. ಆದರೆ ನಮ್ಮ ಮನೆಯಲ್ಲಿ ಅದು ಬೆಂಗಳೂರಿನ ವಿಮಾನ. ಎಚ್‌ಎಎಲ್ ಕಾರ್ಖಾನೆಯಲ್ಲಿ ಅಪ್ಪ ಅದಕ್ಕೆ ರಿವೆಟ್ ಹೊಡೆದವರು.

ಪ್ಲಾಸ್ಟಿಕ್ ಒಡಲು ಎರಡು ಹೋಳಾಗಿ ಬರುತ್ತದೆ. ಮೂಗಿನೊಳಗೆ ಸೀಸದ ಚೂರು ತುಂಬಿಯೇ ಹೋಳುಗಳನ್ನು ಅಂಟಿಸಬೇಕು, ಮರೆತರೆ ವಿಮಾನ ಬಾಲ ಊರಿ ಕೂತುಬಿಡುತ್ತದೆ. ಅಂಟು ಒಣಗಿದ ಮೇಲೆ ಬೆನ್ನುದ್ದಕ್ಕೂ ಒಂದು ಗೆರೆ ಉಳಿಯುತ್ತದೆ. ನನ್ನ ಕೆಲಸದ ಮುಕ್ಕಾಲು ಪಾಲು ಈ ಗೆರೆಯದ್ದು. ಪುಟ್ಟಿ ತುಂಬಿ, ಉಪ್ಪುಕಾಗದವನ್ನು ನೀರಲ್ಲಿ ಅದ್ದಿ ಉಜ್ಜಬೇಕು. ಬೆಳ್ಳಿಬಣ್ಣ ಏನನ್ನೂ ಮುಚ್ಚುವುದಿಲ್ಲ. ಕೂದಲೆಳೆಯಷ್ಟು ಗೀರಿದ್ದರೂ ಎತ್ತಿ ತೋರಿಸುತ್ತದೆ.

ಉಜ್ಜಿ ಸಾಕೆನಿಸಿದಾಗ ಅಪ್ಪನ ಕೈಗಿಟ್ಟೆ. ಅವರಿಗೀಗ ಕಣ್ಣು ಮಂಜು. ತೋರುಬೆರಳನ್ನು ಬೆನ್ನ ಮೇಲೆ ಮೆಲ್ಲಗೆ ಎಳೆದು, ಬಾಲದ ಬುಡದಲ್ಲಿ ನಿಲ್ಲಿಸಿದರು. "ಇಲ್ಲಿದೆ ನೋಡೋ. ರಿವೆಟ್ ತಲೆ ಬೆರಳಿಗೆ ಸಿಕ್ಕರೆ ಗಾಳಿಗೂ ಸಿಗತ್ತೆ ಅಂತ ನಮಗೆ ಹೇಳ್ತಿದ್ರು." ಇನ್ನೆರಡು ಸಂಜೆ ಉಜ್ಜಿದೆ. ಆ ಎರಡು ಸಂಜೆ ನನಗೆ ತುಂಬಾ ಬೇಕಾಗಿದ್ದವು.

ಡಬ್ಬಿಯಲ್ಲಿ ಪೈಲಟ್ ಗೊಂಬೆಯೂ ಇತ್ತು, ಕಡಲೆಕಾಳಿಗಿಂತ ತುಸು ದೊಡ್ಡದು. ಸಾಮಾನ್ಯವಾಗಿ ನಾನು ಆಸನ ಖಾಲಿ ಬಿಡುತ್ತೇನೆ, ಒಳಗಿನ ಕುಸುರಿ ಕಾಣಲೆಂದು. ಈ ಸಲ ಮನಸ್ಸು ಒಪ್ಪಲಿಲ್ಲ. 1971ರ ಡಿಸೆಂಬರ್ 14ರಂದು ಪಾಕಿಸ್ತಾನದ ಆರು ಸೇಬರ್ ಯುದ್ಧವಿಮಾನಗಳು ಶ್ರೀನಗರದ ವಾಯುನೆಲೆಯ ಮೇಲೆರಗಿದಾಗ, ಬಾಂಬು ಬೀಳುತ್ತಿದ್ದ ರನ್‌ವೇಯಿಂದಲೇ ಫ್ಲೈಯಿಂಗ್ ಆಫೀಸರ್ ನಿರ್ಮಲ್ ಜಿತ್ ಸಿಂಗ್ ಸೆಖೋನ್ ಮೇಲೇರಿದ್ದು ಇಂಥದೇ ನ್ಯಾಟ್‌ನಲ್ಲಿ. ವಾಯುಪಡೆಗೆ ಬಂದ ಒಂದೇ ಒಂದು ಪರಮವೀರ ಚಕ್ರ ಅವರದು. ಆ ಕಾದಾಟದಲ್ಲೇ ಮಡಿದ ಅವರ ದೇಹ ಸಿಗಲೇ ಇಲ್ಲ.

ಮೂರು ಕೂದಲಿನ ಕುಂಚದಲ್ಲಿ ಹೆಲ್ಮೆಟ್‌ಗೆ ಬಿಳಿ ಬಣ್ಣ ಇಟ್ಟೆ. ಉಸಿರು ಬಿಗಿಹಿಡಿದು ಗೊಂಬೆಯನ್ನು ಆಸನದಲ್ಲಿ ಕೂರಿಸಿದೆ. ರೆಕ್ಕೆಗಳ ಮೇಲೆ ಕೇಸರಿ, ಬಿಳಿ, ಹಸಿರಿನ ಚಕ್ರದ ಅಂಟುಚಿತ್ರಗಳನ್ನು ನೀರಲ್ಲಿ ನೆನೆಸಿ ಜಾರಿಸಿದೆ. ಕೊನೆಗೆ ಆಸನದ ಮೇಲಿನ ಗಾಜಿನಂಥ ಪ್ಲಾಸ್ಟಿಕ್ ಮುಚ್ಚಳ. ಮಾಮೂಲಿ ಅಂಟು ಹಚ್ಚಿದರೆ ಅದು ಒಳಗಿನಿಂದ ಮಂಜಾಗಿಬಿಡುತ್ತದೆ, ಅದಕ್ಕೇ ಬಿಳಿ ಗೋಂದು ಹಚ್ಚಿದೆ. ಒಣಗಿದ ಮೇಲೆ ಒಳಗಿದ್ದವನು ಸ್ಪಷ್ಟವಾಗಿ ಕಾಣುತ್ತಿದ್ದ.